ಕಬ್ಬಿನ ಬುಡ ಸಿಹಿ, ತುದಿ ಸಪ್ಪೆ

ಲೋಕಕ್ಕೆ ಬಳಿದ ಬಣ್ಣ ಇನ್ನೂ ಒಣಗದಿದ್ದ ಕಾಲ. ಆಗ ಕಬ್ಬಿಗೆ ಬುಡದಿಂದ ತುದಿಯವರೆಗೂ ಒಂದೇ ರುಚಿ, ಸಪ್ಪೆ.

ಕಬ್ಬಿನ ಗರಿಯಲ್ಲಿ ಬಿಸಿಲಿಗೆ ಅಕ್ಕತಂಗಿಯರಿಬ್ಬರು ಹುಟ್ಟಿದರು. ಅಕ್ಕ ದ್ರಾಕ್ಷವ್ವ. ಈಗ ದವಾಖಾನೆಯಲ್ಲಿ ಗ್ಲೂಕೋಸ್ ಅಂತ ಬಾಟಲಿಯಲ್ಲಿ ತೂಗುಹಾಕುತ್ತಾರಲ್ಲ, ಅವಳೇ. ತಂಗಿ ಹಣ್ಣವ್ವ, ಅಂದರೆ ಫ್ರುಕ್ಟೋಸ್. ಅಕ್ಕನಿಗಿಂತ ಸಿಹಿ, ಅಕ್ಕನಿಗಿಂತ ಬಾಯಿ ಜೋರು.

ಕೆಳಗೆ ಕತ್ತಲಲ್ಲಿ ಬೇರಜ್ಜಿ. ಒಂದು ದಿನ ನೀರು ಮೇಲೆ ಹತ್ತಿ ಬಂದು ಹೇಳಿತು: "ಅಜ್ಜಿ ಉಪವಾಸ ಬಿದ್ದಾಳೆ ಕಣ್ರೇ. ಇನ್ನೆರಡು ದಿನ, ಅಷ್ಟೆ. ಆಮೇಲೆ ಕಬ್ಬೂ ಇಲ್ಲ, ನೀವೂ ಇಲ್ಲ."

ಅವರಂಥ ಎಷ್ಟೋ ಹುಡುಗಿಯರು ಅಜ್ಜಿಗೆ ತಾವೇ ಊಟವಾಗಲೆಂದು ಹೊರಟಿದ್ದರು. ಒಬ್ಬಳೂ ತಲುಪಿರಲಿಲ್ಲ. ಕಾರಣ ದ್ರಾಕ್ಷವ್ವನಿಗೆ ಗೊತ್ತಿತ್ತು. ಅವರ ಮನೆತನದ ಗುಣವೇ ಅದು, ಒಂದು ಕೈ ಸದಾ ಚಾಚಿಕೊಂಡೇ ಇರುವುದು. ದಾರಿಯಲ್ಲಿ ಕಬ್ಬಿನ ಗಿಣ್ಣಿಗೊಂದು ಹಸಿದ ಮನೆ. "ಬಾ ತಾಯಿ, ಒಂದು ಗಳಿಗೆ ಕೂತು ಹೋಗು" ಎಂದು ಆ ಕೈ ಹಿಡಿದರೆ ಮುಗಿಯಿತು, ಕೂತವಳು ಏಳುತ್ತಿರಲಿಲ್ಲ.

"ನಿನ್ನ ಕೈ ನಾನು ಹಿಡೀತೀನಿ, ನನ್ನದು ನೀನು ಹಿಡಿ," ಎಂದಳು ದ್ರಾಕ್ಷವ್ವ. "ಚಾಚೋಕೆ ಕೈಯೇ ಇಲ್ಲದಿದ್ದರೆ ಯಾರು ಎಳೀತಾರೆ?"

"ಅಯ್ಯೋ ಅಕ್ಕಾ, ದಾರಿಯುದ್ದಕ್ಕೂ ನಿನ್ನ ಉಪದೇಶ ಕೇಳಬೇಕಾ?" ಎನ್ನುತ್ತಲೇ ಹಣ್ಣವ್ವ ಕೈ ಕೊಟ್ಟಳು.

ಕೈಗಳು ಕೂಡಲಿಲ್ಲ. ಹುಟ್ಟಿದಾಗಿನಿಂದ ಇಬ್ಬರ ಅಂಗೈಯಲ್ಲೂ ನೀರಿನ ಒಂದೊಂದು ಚೂರು ಅಂಟಿತ್ತು.

"ನನ್ನನ್ನು ಬಿಟ್ಟುಬಿಡಿ, ಕೂಡುತ್ತೀರಿ," ಎಂದಿತು ನೀರು. "ಆದರೆ ನಾನು ಮತ್ತೆ ನಿಮ್ಮ ನಡುವೆ ಬಂದ ದಿನ ನೀವು ಅಗಲಬೇಕು."

ದ್ರಾಕ್ಷವ್ವ ತಂಗಿಯ ಮುಖ ನೋಡಿದಳು. ಆಮೇಲೆ ಅಂಗೈಯ ನೀರು ಬಿಟ್ಟಳು. ತಂಗಿಯೂ ಬಿಟ್ಟಳು. ಎರಡು ಚೂರು ಸೇರಿ ಒಂದು ಹನಿಯಾಗಿ ಕೆಳಗೆ ಜಾರಿತು. ಕೂಡಿದ ಆ ಜೋಡಿಗೇ ಸಕ್ಕರೆ ಎಂದು ಹೆಸರಾಯಿತು.

ಇಬ್ಬರೂ ಇಳಿದರು. ಗಿಣ್ಣುಗಳು ಕರೆದವು. "ಇವಕ್ಕೆ ಕೈಯೇ ಇಲ್ಲವಲ್ಲೇ!" ಎಂದು ಹಂಗಿಸಿದವು. ಇಬ್ಬರೂ ಇಳಿಯುತ್ತಲೇ ಹೋದರು.

ಬೇರಿನಲ್ಲಿ ಅಜ್ಜಿಗೆ ತುಟಿ ತೆರೆಯುವಷ್ಟೇ ಉಸಿರಿತ್ತು. ಪಕ್ಕದಲ್ಲಿ ಆ ನೀರಿನ ಹನಿ ಇವರ ದಾರಿ ಕಾಯುತ್ತಿತ್ತು.

"ಈಗಲೇನಾ ಅಕ್ಕಾ?"

"ಈಗಲೇ ಕಣೇ."

ಹನಿ ನಡುವೆ ಬಂತು. ಕೂಡಿದ್ದ ಕೈ ಬಿಟ್ಟುಹೋಯಿತು. ಅಕ್ಕ ಮೊದಲು ಅಜ್ಜಿಯ ಬಾಯಿಗೆ ಹೋದಳು, ತಂಗಿ ಅವಳ ಬೆನ್ನಿಗೇ. ಅಜ್ಜಿ ಕಣ್ಣು ಬಿಟ್ಟಳು.

ಮೇಲಿನಿಂದ ಆಮೇಲೆ ಜೋಡಿಜೋಡಿಯಾಗಿ ಬಂದವರು, ಅಜ್ಜಿಯ ನಾಳಿನ ಹಸಿವಿಗೆಂದು ಬುಡದಲ್ಲೇ ಕೈ ಹಿಡಿದು ಕೂತರು. ತುದಿಯಲ್ಲಿ ಉಳಿದವರು ಇನ್ನೂ ಜೊತೆ ಹುಡುಕುತ್ತಿರುವ ಕೆಲವರು ಮಾತ್ರ. ಅದಕ್ಕೇ ಮಗು, ಇವತ್ತಿಗೂ ನೀನು ಕಬ್ಬು ಸಿಗಿದು ತಿನ್ನುವಾಗ ತುದಿ ಸಪ್ಪೆ, ಬುಡಕ್ಕೆ ಬರುತ್ತ ಬರುತ್ತ ಸಿಹಿ.