ಬಿಳಿಗೈ ದೊಣೆ

"ಆ ಹುಡುಗಿಗೆ ದೊಣೆಯ ಕತೆ ನೀನೇ ಹೇಳು. ನನಗೆ ದಮ್ಮು ಸಾಲದು." ನನ್ನ ಹೆಂಡತಿ ಗಿರಿಯವ್ವ ಕೊನೆಗೆ ಆಡಿದ ಮಾತು ಇದು. ಆ ಹುಡುಗಿ ಎಂದರೆ ಚಿತ್ರ ಮಾಡುವ ಮಂದಾರ. ಪಟ್ಟಣದಿಂದ ಬಂದು ನಮ್ಮ ಗುಡ್ಡದ ಜರಿಗಿಡದ ಎಲೆಯನ್ನು ದಾರದ ಹೊಲಿಗೆಯಲ್ಲಿ ಕಂಬಳಿಗೆ ಇಳಿಸುತ್ತಿದ್ದಾಳೆ. ಗಿರಿಯವ್ವನ ತಿಥಿ ಮುಗಿದ ಸಂಜೆ ಮಂದಾರಳಿಗೆ ಹೇಳಿದೆ.

ಗುಡ್ಡದ ನೆತ್ತಿಯಲ್ಲಿ ಬಂಡೆಗಳ ನಡುವೆ ನೀರು ನಿಂತ ಹೊಂಡ ಇದೆ. ಅದೇ ಬಿಳಿಗೈ ದೊಣೆ. ಬೇಸಿಗೆಯಲ್ಲೂ ಬತ್ತುವುದಿಲ್ಲ. ಸುತ್ತ ಕಲ್ಲಿನ ಸಂದಿಯಲ್ಲೆಲ್ಲ ಜರಿಗಿಡ. ಎಲೆ ಮೇಲೆ ಹಸಿರು, ಅಡಿಯಲ್ಲಿ ಸುಣ್ಣದಂಥ ಬಿಳಿ ಪುಡಿ. ಮೈಗೆ ಒತ್ತಿದರೆ ಎಲೆಯ ಅಚ್ಚು ಹಾಗೇ ಮೂಡುತ್ತದೆ. ಹಿಂದೆ ಒಮ್ಮೆ ಇಲ್ಲಿ ಕುರಿ ಕಾಯುತ್ತಿದ್ದ ಮಾಳವ್ವ ಎಂಬವಳ ಗಂಡ ತೀರಿಹೋದನಂತೆ. ಅವಳ ಮುಡಿಯ ಹೂ ತೆಗೆದರು, ಬಳೆ ಒಡೆದರು. ಅವಳು ದೊಣೆಗೆ ಹೋಗಿ, ಜರಿಯ ಎಲೆ ಕಿತ್ತು, ಎರಡೂ ಮುಂಗೈಗೆ ಒತ್ತಿಕೊಂಡು ಊರೊಳಗೆ ನಡೆದು ಬಂದಳು ಎನ್ನುತ್ತಾರೆ. ಬಳೆ ಇದ್ದ ಜಾಗದಲ್ಲಿ ಬಿಳಿ ಎಲೆ. ಊರ ಗೌಡ ಅವಳನ್ನು ಕಟ್ಟೆಗೆ ಕರೆಸಿ, ಗಂಡ ಸತ್ತವಳಿಗೆ ಸಿಂಗಾರ ಯಾಕೆ, ತೊಳಕೋ, ಇಲ್ಲದಿದ್ದರೆ ಊರು ಬಿಡು ಎಂದನಂತೆ. ಮಾಳವ್ವ ಅಂದಳು, "ಹೂ ಬೇಡ ಅಂದ್ರಿ, ಬಿಟ್ಟೆ. ಇದು ಹೂವೇ ಬಿಡದ ಗಿಡ ಗೌಡ್ರೇ. ಇದನ್ನೂ ಬೇಡ ಅಂತ ಯಾವ ಹಿರಿಯರು ಹೇಳಿದ್ರು?" ಗೌಡನ ಪಕ್ಕದಲ್ಲಿ ಅವನ ತಾಯಿ ನಿಂತಿದ್ದಳು. ಅವಳೂ ಗಂಡನನ್ನು ಕಳಕೊಂಡವಳೇ. ಮೆಲ್ಲಗೆ ಕಟ್ಟೆ ಇಳಿದು, ತನ್ನ ಬರಿಗೈಯನ್ನು ಮಾಳವ್ವನ ಮುಂದೆ ಚಾಚಿದಳಂತೆ. ಅಂದಿನಿಂದ ದೊಣೆಗೆ ಆ ಹೆಸರು.

ಈಗಲೂ ಗಂಡ ಹೋದವರು ತಿಥಿಯ ಮರುದಿನ ಅಲ್ಲಿಗೆ ಬರುತ್ತಾರೆ. ಹಳಬಳೊಬ್ಬಳು ಹೊಸಬಳ ಕೈಗೆ ಎಲೆ ಒತ್ತುತ್ತಾಳೆ. ಪುಡಿ ಸಂಜೆಗೆಲ್ಲ ಅಳಿಸಿಹೋಗುತ್ತದೆ. ಮಂದಾರ ಕರಿ ಕಂಬಳಿಯ ಮೇಲೆ ಅವರ ಕೈ ಇಡಿಸಿ, ಸುತ್ತ ಗೆರೆ ಎಳೆದು, ಆ ಎಲೆಯ ಅಚ್ಚನ್ನು ಬಿಳಿ ದಾರದಲ್ಲಿ ಹೊಲಿಯುತ್ತಾಳೆ. ಕಂಬಳಿ ದೊಣೆಯ ಪಕ್ಕದ ಮಂಟಪದಲ್ಲಿ ತೂಗಿದೆ. ನೋಡಲು ಬಂದವರು ದನಿ ತಗ್ಗಿಸುತ್ತಾರೆ.

ಕತೆ ಮುಗಿದ ಮೇಲೆ ಮಂದಾರ, ಹೆಂಡತಿ ಸತ್ತ ಗಂಡಸರಿಗೆ ಏನಿದೆ ತಾತ ಎಂದು ಕೇಳಿದಳು. ಏನೂ ಇಲ್ಲ ಎಂದೆ. ನಮ್ಮ ಮೈಯಿಂದ ಯಾರೂ ಏನೂ ತೆಗೆಯುವುದಿಲ್ಲ. ಗಿರಿಯವ್ವ ಇಲ್ಲ ಅನ್ನುವುದು ನನ್ನಲ್ಲಿ ಎಲ್ಲೂ ಕಾಣುವುದಿಲ್ಲ. ಅದೇ ಸಂಕಟ.

ಬೆಳಿಗ್ಗೆ ಗುಡ್ಡ ಹತ್ತಿದೆ. ದೊಣೆಯ ಬಳಿ ಕೆಂಚವ್ವ ಕೂತಿದ್ದಳು. ವರಸೆಯಲ್ಲಿ ನನಗೆ ನಾದಿನಿ, ಗಂಡ ಹೋಗಿ ಬಹಳ ಕಾಲವಾಯಿತು. "ಏನ್ ಭಾವ, ನಿನ್ನ ಬಳೇನೂ ಒಡೆದ್ರಾ?" ಅಂದಳು. ನಾನು ಅಂಗಿಯ ತೋಳು ಮೇಲೆ ಸರಿಸಿ, ಮುಂಗೈ ಚಾಚಿ ಅವಳ ಎದುರು ಕೂತೆ.