ಗೊಂಬೆಗೆ ಬೇವಿನೆಣ್ಣೆ

"ಗುರುಗಳೇ, ನೀವು ಕಲಿಸಿದ ಪದ್ಯಗಳಲ್ಲಿ ಅರ್ಧದಷ್ಟು ನನಗೆ ಅರ್ಥವೇ ಆಗಿಲ್ಲ. ಆದರೂ ದಿನವೂ ಹೇಳಿಕೊಳ್ಳುತ್ತೇನೆ. ಅರ್ಥವಾಗದ್ದನ್ನು ಹೊತ್ತು ತಿರುಗುವುದಕ್ಕಿಂತ ಬಿಟ್ಟುಬಿಡುವುದು ಒಳ್ಳೆಯದಲ್ಲವೆ?" ಎಂದು ಶಿಷ್ಯ ಚೆನ್ನವೀರ ಕೇಳಿದ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಮಲ್ಲೇಶಪ್ಪ ಎಂಬ ಪಾತ್ರೆ ವ್ಯಾಪಾರಿ ಇದ್ದ. ಜನ ಹಳೆಯ ಹಿತ್ತಾಳೆ, ತಾಮ್ರ ತಂದುಕೊಟ್ಟು ಅವನಿಂದ ಹೊಸ ಪಾತ್ರೆ ಒಯ್ಯುತ್ತಿದ್ದರು. ಹಾಗೆ ಬಂದ ಹಂಡೆಯೊಂದರ ತಳದಲ್ಲಿ ಒಮ್ಮೆ ಹಳೆಯ ಬಟ್ಟೆಯ ಗಂಟು ಸಿಕ್ಕಿತು. ಬಿಚ್ಚಿದರೆ ಗೇಣುದ್ದದ ಮರದ ಹೆಣ್ಣು ಗೊಂಬೆ. ಹಂಡೆ ತಂದವರು ಯಾರೆಂದು ಅವನಿಗೆ ನೆನಪಿರಲಿಲ್ಲ. ಎಸೆಯಲು ಮನಸ್ಸು ಬರಲಿಲ್ಲ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ನಿಲ್ಲಿಸಿದ.

ಅದನ್ನು ನೋಡಿದ ಗಿರಾಕಿಗಳು ತಮ್ಮ ಮನೆಯ ಅಟ್ಟದ ಗೊಂಬೆಗಳನ್ನೂ ತಂದುಕೊಡತೊಡಗಿದರು. ಮಣ್ಣಿನವು, ಚಿಂದಿ ಬಟ್ಟೆಯವು, ಕಣ್ಣು ಮುಚ್ಚಿ ತೆರೆಯುವ ಪ್ಲಾಸ್ಟಿಕ್ಕಿನವು. ಕೆಲವೇ ವರ್ಷಗಳಲ್ಲಿ ಇನ್ನೂರಾದವು. ಮಲ್ಲೇಶಪ್ಪ ಅಂಗಡಿಯ ಹಿಂದಿನ ಕೋಣೆಯನ್ನು ಖಾಲಿ ಮಾಡಿ ಗಾಜಿನ ಕಪಾಟು ಮಾಡಿಸಿದ. ಬಾಗಿಲಿಗೆ 'ಗೊಂಬೆ ಮನೆ' ಎಂದು ಬರೆಸಿದ. ಪಾತ್ರೆ ಕೊಳ್ಳಲು ಬಂದವರು ಒಳಗೆ ಹೋಗಿ ನೋಡಿ, ನಗುತ್ತ ಹೊರಬರುತ್ತಿದ್ದರು.

ನಡುವಿನ ಕಪಾಟಿನಲ್ಲಿ ಇದ್ದದ್ದು ಆ ಮೊದಲ ಗೊಂಬೆ. ಅದರ ತಲೆಯ ಮೇಲೆ ಮೊನೆಮೊನೆಯಾದ ಏನೋ ಒಂದು ಇತ್ತು. ಕಿರೀಟವೆಂದು ಬಗೆದು ಮಲ್ಲೇಶಪ್ಪ ಅದರ ಕೆಳಗೆ 'ರಾಣಿ' ಎಂದು ಚೀಟಿ ಅಂಟಿಸಿದ. ಎಡತೋಳಿನಲ್ಲಿ ಸಣ್ಣ ಸಣ್ಣ ತೂತುಗಳಿದ್ದವು. ಹುಳ ಹಿಡಿದಿದೆ ಎಂದು ಹೆದರಿ, ಅಂಗಡಿಗೆ ಬಿಡುವಿರುವ ಅಮಾವಾಸ್ಯೆಯ ದಿನ ಹಕ್ಕಿಯ ಗರಿಯಿಂದ ಬೇವಿನೆಣ್ಣೆ ಹಚ್ಚುತ್ತಿದ್ದ. ಪಕ್ಕದಲ್ಲಿ ಬಜೆ ಬೇರಿನ ತುಂಡು ಇಡುತ್ತಿದ್ದ. "ನನ್ನ ಮೊಣಕಾಲಿಗೆ ಒಂದು ದಿನ ಎಣ್ಣೆ ಹಚ್ಚಿದವರಲ್ಲ," ಎಂದು ಹೆಂಡತಿ ಹಾಸ್ಯ ಮಾಡುತ್ತಿದ್ದಳು. ಒಮ್ಮೆ ಒಬ್ಬ ಪಂಡಿತರು ಬಂದು, ಈ ತೂತುಗಳು ಹಿಂದಿನ ಕಾಲದ ಯಾವುದೋ ಪೂಜೆಯ ಗುರುತಿರಬೇಕು ಎಂದರು. ಮಲ್ಲೇಶಪ್ಪ ಅದನ್ನೂ ಚೀಟಿಯ ಮೇಲೆ ಬರೆದ. ಬೇವಿನೆಣ್ಣೆ ಮಾತ್ರ ನಿಲ್ಲಿಸಲಿಲ್ಲ. ಹೀಗೆ ಮೂವತ್ತು ವರ್ಷ ಕಳೆಯಿತು.

ಒಂದು ದಿನ ಮದುವೆಯ ಪಾತ್ರೆ ಕೊಳ್ಳಲು ದೂರದ ಹಳ್ಳಿಯಿಂದ ಒಂದು ಮನೆಯವರು ಬಂದರು. ಜೊತೆಯಲ್ಲಿ ಎಂಬತ್ತರ ನಿಂಬವ್ವ ಇದ್ದಳು. ಉಳಿದವರು ಕೊಡ, ತಟ್ಟೆ ಆರಿಸುತ್ತಿರುವಾಗ ಆಕೆ ಗೊಂಬೆ ಮನೆಯೊಳಗೆ ಹೋದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಜೋರಾದ ನಗು ಕೇಳಿಸಿತು. ಮಲ್ಲೇಶಪ್ಪ ಓಡಿದ. ನಿಂಬವ್ವ ನಡುವಿನ ಕಪಾಟಿನ ಮುಂದೆ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

"ಯಾಕವ್ವಾ, ಏನಾಯ್ತು?"

"ನಮ್ಮ ಗಂಗವ್ವನ್ನ ಯಾವಾಗ ರಾಣಿ ಮಾಡಿದಿ ತಮ್ಮಾ? ಅದು ಕಿರೀಟ ಅಲ್ಲೋ, ನೀರಿನ ಕೊಡ. ನಾ ಕೆಳಗ ಬೀಳಿಸಿ ಅದರ ಬಾಯಿ ಒಡೀತು."

"ಮತ್ತೆ ತೋಳಿನ ತೂತು?"

"ನಮ್ಮೂರಿಗೆ ಡಾಕ್ಟರ್ ಬಂದು ಹುಡುಗರಿಗೆಲ್ಲಾ ಸೂಜಿ ಚುಚ್ಚಿದ್ರು. ಆ ಸಿಟ್ಟಿಗೆ ನಾ ಮನೀಗೆ ಬಂದು ಇಕಿಗೆ ದಬ್ಬಣದಿಂದ ಚುಚ್ಚಿದೆ. ಹನ್ನೊಂದು ಸಲ. ಎಣಿಸಿ ನೋಡು."

ಮಲ್ಲೇಶಪ್ಪ ಎಣಿಸಿದ. ಹನ್ನೊಂದೇ ಇದ್ದವು.

ಮದುವೆಯಾದ ಹುಡುಗಿಗೆ ಗೊಂಬೆ ಏಕೆಂದು ನಿಂಬವ್ವನ ತಾಯಿ ಅದನ್ನು ಬಚ್ಚಿಟ್ಟಿದ್ದಳಂತೆ. ಎಲ್ಲಿಟ್ಟೆನೆಂಬುದನ್ನು ತಾಯಿಯೇ ಮರೆತಳಂತೆ. ನಿಂಬವ್ವ ಗಂಡನ ಮನೆಯಿಂದ ಬಂದಾಗಲೆಲ್ಲ ಹುಡುಕಿದ್ದಳು. ಅದನ್ನು ಹೇಳುವಾಗ ಆಕೆಯ ನಗು ನಿಂತಿತ್ತು.

ಮಲ್ಲೇಶಪ್ಪ ಯೋಚನೆಗೆ ಬಿದ್ದ. ಗೊಂಬೆ ಮನೆ ಹುಟ್ಟಿದ್ದೇ ಈ ಗೊಂಬೆಯಿಂದ. ಆಕೆ ಬೇಡಿದರೆ ಏನು ಹೇಳುವುದು? ಆಕೆ ಬೇಡಲಿಲ್ಲ. ಗಾಜಿಗೆ ಅಂಗೈ ಹಚ್ಚಿ ನಿಂತಳು. ಅವನು ಬೀಗ ತೆಗೆದ. ಎರಡೂ ಕೈಯಲ್ಲಿ ಗೊಂಬೆಯನ್ನು ಎತ್ತಿ ಆಕೆಯ ಕೈಗಿಟ್ಟ.

"ಕರಕೊಂಡು ಹೋಗ್ರಿ ಅವ್ವಾ. ನಿಮ್ಮ ಮಗಳು."

ನಿಂಬವ್ವ ಗೊಂಬೆಯ ಮುಖವನ್ನು ಸೆರಗಿನಿಂದ ಒರೆಸಿದಳು. "ಎಷ್ಟು ಹುಡುಕಿದೆನೇ ನಿನ್ನ!" ಎಂದು ಗದರಿದಳು. ಆಮೇಲೆ ಮೂಗಿನ ಹತ್ತಿರ ಹಿಡಿದು, "ಇಕಿ ಮೈಯೆಲ್ಲಾ ಬೇವಿನ ವಾಸನಿ ಯಾಕ?" ಎಂದಳು.

ಮಲ್ಲೇಶಪ್ಪ ನಾಚಿಕೊಂಡು ಎಲ್ಲವನ್ನೂ ಹೇಳಿದ. ನಿಂಬವ್ವ ನಕ್ಕಳು. ಮಲ್ಲೇಶಪ್ಪನೂ ನಕ್ಕ. ಹೊರಗಿನಿಂದ ಮದುವೆಯವರು ಬಂದು ಏನೆಂದು ತಿಳಿಯದೆ ತಾವೂ ನಕ್ಕರು. ಗಾಡಿ ಹೊರಡುವಾಗ ಅವನು ಮರೆಯದೆ ಒಂದು ಬಜೆ ಬೇರು ಕೊಟ್ಟ. ಹುಳವೇ ಇಲ್ಲವೆಂದು ಗೊತ್ತಾದ ಮೇಲೂ ಕೊಟ್ಟ. ಆಕೆಯೂ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

ನಡುವಿನ ಕಪಾಟು ಖಾಲಿಯಾಯಿತು. ಮಲ್ಲೇಶಪ್ಪ ಅಲ್ಲಿ ಬೇರೆ ಗೊಂಬೆ ಇಡಲಿಲ್ಲ. ಹಳೆಯ ಚೀಟಿ ಕಿತ್ತು ಹೊಸದನ್ನು ಅಂಟಿಸಿದ: 'ಗಂಗವ್ವ. ತವರಿಗೆ ಹೋಗಿದ್ದಾಳೆ.' ಅಂದಿನಿಂದ ಗೊಂಬೆ ಮನೆಗೆ ಬಂದವರು ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತಿದ್ದುದು ಆ ಖಾಲಿ ಕಪಾಟಿನ ಮುಂದೆಯೇ.

ಗುರುಗಳು ಕತೆ ಮುಗಿಸಿದರು. ಚೆನ್ನವೀರನಿಗೆ ನಗು ತಡೆಯಲಾಗಲಿಲ್ಲ.

"ಪಾಪ, ಮೂವತ್ತು ವರ್ಷ ಎಣ್ಣೆ ಹಚ್ಚಿದರೂ ಕೈಯಲ್ಲಿರುವುದು ಏನೆಂದು ಆತನಿಗೆ ತಿಳಿದಿರಲೇ ಇಲ್ಲವಲ್ಲ ಗುರುಗಳೇ!"

"ತಿಳಿದಿರಲಿಲ್ಲ," ಎಂದರು ಗುರುಗಳು, "ಆದರೆ ತಿಳಿದವಳು ಬಂದ ದಿನ ಗೊಂಬೆ ಅಲ್ಲಿತ್ತು."

ಚೆನ್ನವೀರ ತನಗೆ ಅರ್ಥವಾಗದ ಪದ್ಯವೊಂದನ್ನು ಮೊದಲಿನಿಂದ ಹೇಳಿಕೊಳ್ಳತೊಡಗಿದ.