ಮಲ್ಲಾಜಮ್ಮನ ಬಿಳಿ ಗೋಡೆ

ಒಂದಾನೊಂದು ಊರು. ಆ ಊರಿಗೆ ಹೆಸರಿತ್ತು, ನಮ್ಮಜ್ಜಿಗೆ ಗೊತ್ತಿತ್ತು, ನಂಗೆ ಮರೆತುಹೋಗಿದೆ. ಹೆಸರು ಬೇಕೇ ಬೇಕು ಅನ್ನೋರು ನಿಮ್ಮೂರಿನ ಹೆಸರೇ ಇಟ್ಕೊಳ್ಳಿ, ನನ್ನದೇನೂ ಅಡ್ಡಿಯಿಲ್ಲ. ಆ ಊರಲ್ಲಿ ಮಲ್ಲಾಜಮ್ಮ ಅಂತ ಪುರಿ ಹುರಿಯೋಳು ಒಬ್ಬಳಿದ್ದಳಂತೆ. ಗಂಡ ಸತ್ತು ಬಹಳ ಕಾಲ ಆಗಿತ್ತು, ಹಿಂದಿಲ್ಲ ಮುಂದಿಲ್ಲ. ಬಟ್ಟಿಗೆ ಭತ್ತದ ಹೊಟ್ಟು ಹಾಕಿ, ಬಾಣಲೇಲಿ ಮರಳು ಕಾಯಿಸಿ, ಅಕ್ಕಿ ಸುರಿದು ಕೈಯಾಡಿಸಿದಳು ಅಂದ್ರೆ ಚಟಪಟ ಚಟಪಟ ಅಂತ ಪುರಿ ಅರಳೋದು. ಪುರಿ ಊರಿಗೆಲ್ಲ ಬೇಕು. ಹೊಗೆ ಮಾತ್ರ ಯಾರಿಗೂ ಬೇಡ.

ಹಂಗಾಗಿ ಅವಳಿಗೆ ಒಂದು ಕಡೆ ನೆಲೆ ಅಂತ ಇರಲಿಲ್ಲ. ಒಂದನೇ ಬಾಡಿಗೆ ಮನೆಯೋರು, "ಗೋಡೆ ಕಪ್ಪಾಯ್ತು, ಏಳು" ಅಂದ್ರು. ಎದ್ದಳು. ಎರಡನೇ ಮನೆಯೋರು, "ಗೋಡೆ ಕಪ್ಪಾಯ್ತು, ಏಳು" ಅಂದ್ರು. ಎದ್ದಳು. ಹಿಂಗೇ ಒಂಬತ್ತು ಮನೆ. ಒಂಬತ್ತನೇದು ಮುದ್ದುವೀರಯ್ಯನ ಮನೆ. ಆತ ಊರಿಗೇ ದೊಡ್ಡ ಮನುಷ್ಯ, ಹನ್ನೆರಡು ಅಂಕಣದ ತೊಟ್ಟಿಮನೆ ಯಜಮಾನ. ಆತ ಏಳು ಅಂತಲೂ ಅನ್ನಲಿಲ್ಲ, ಬಾಣಲೇನ ಆಳಿನ ಕೈಲಿ ಬೀದಿಗೆ ಇಡಿಸಿಬಿಟ್ಟ. ಅವತ್ತು ಮಲ್ಲಾಜಮ್ಮ ಬೀದೀಲಿ ಕೂತು ಗಟ್ಟಿಯಾಗಿ ಅತ್ತಳಂತೆ. "ಏಳು ಅಂತ ಯಾರೂ ಅನ್ನದ ಒಂದು ಮೂಲೆ ನಂಗೆ ಬೇಕು, ದೇವರೇ. ಇನ್ನೇನೂ ಬೇಡ" ಅಂದಳಂತೆ.

ಹುರಿದಳು, ಹುರಿದಳು, ಇಪ್ಪತ್ತೆರಡು ವರ್ಷ ಹುರಿದಳು. ಕೊನೆಗೆ ಕಿವಿಯ ಓಲೇನೂ ಬಿಚ್ಚಿ ಕೊಟ್ಟು, ಊರು ಬಿಟ್ಟು ಮಗಳ ಹತ್ರ ಹೋಗ್ತಿದ್ದ ಒಬ್ಬ ಮುದುಕನಿಂದ ಎರಡಂಕಣದ ಮನೆ ಕೊಂಡಳು. ಕೆರೆಬೀದಿ ಕೊನೇಲಿ, ಹಂಚು ಸರಿದ, ಮಾಡು ಜಗ್ಗಿದ ಮನೆ. ಇರಲಿ, ತನ್ನದು! ಹಂಚು ಕೈಯಾಡಿಸಿದಳು, ನೆಲ ಸಾರಿಸಿದಳು, ಮೂರು ಕೈ ಸುಣ್ಣ ಬಳಿದಳು. ಬಳಿದು ಬೀದಿಗೆ ಬಂದು ನಿಂತು ನೋಡಿದಳು. ಆಹಾ! ಗೋಡೆ ಹಾಲಿನ ಹಂಗೆ ಬೆಳ್ಳಗಿತ್ತು.

ಅಲ್ಲೇ ನೋಡಿ ಎಡವಟ್ಟಾಗಿದ್ದು. ಅಷ್ಟು ಬೆಳ್ಳಗಿರೋ ಗೋಡೆಗೆ ಹೊಗೆ ಹಾಕೋಕೆ ಅವಳಿಗೆ ಮನಸ್ಸೇ ಬರಲಿಲ್ಲ. ಬಟ್ಟಿ ಹೊರಗೆ ಹೊಂಗೆಮರದ ಕೆಳಗೆ ಹೂಡಿದಳು. ಮೂರು ಕಲ್ಲಿಟ್ಟು ಅಡುಗೇನೂ ಹೊರಗೇ. ಚಾಪೆ ಎಳೆದ್ರೆ ನೆಲ ಗೀರಾಗುತ್ತೆ ಅಂತ ಮಲಗೋದು ಜಗಲಿ ಮೇಲೆ. ಮಳೆ ಬಂದ್ರೆ ಪುರಿಯೆಲ್ಲ ಮೆತ್ತಗಾಗೋದು, ಮೈ ನೆನೆಯೋದು. "ಒಳಗೆ ಹೋಗೇ ಮಾರಾಯ್ತಿ" ಅಂತ ದಾರೀಲಿ ಹೋಗೋರು ಅಂದ್ರೆ, "ಹೊಸ ಮನೆ ಕಣ್ರಪ್ಪ" ಅನ್ನೋಳಂತೆ. ಒಂಬತ್ತು ಮನೆ ಯಜಮಾನರು ಸೇರಿ ಅವಳನ್ನ ಕಾಡಿಸದಷ್ಟು ಅವಳೇ ಅವಳನ್ನ ಕಾಡಿಸ್ಕೊಂಡಳು.

ಇದೇ ಹೊತ್ತಿಗೆ ಊರಲ್ಲಿ ಒಂದು ಸುದ್ದಿ ಹಬ್ಬಿತು. ಹೊಸ ರಾಣಿಗೆ ಈ ಊರಿನ ಗಾಳಿ ಹಿಡಿಸಿದೆಯಂತೆ, ಮಹಾರಾಜರು ಇಲ್ಲೇ ಬಂದು ಇರ್ತಾರಂತೆ. ಯಾರು ಹೇಳಿದ್ರು? ಯಾರೋ ಹೇಳಿದ್ರು. ಸಾಕಲ್ಲ! ಬೆಳಗ್ಗೆ ಹತ್ತು ವರಹಕ್ಕೆ ಕೇಳೋರಿಲ್ಲದ ಮನೆ ಸಂಜೆಗೆ ನೂರು ವರಹ. ದನದ ಕೊಟ್ಟಿಗೆಗೂ ಬೆಲೆ ಬಂತು. ದನಗಳಿಗೆ ಮಾತ್ರ ಜಾಗ ಇರಲಿಲ್ಲ.

ಆ ಊರಲ್ಲಿ ಮನೆ ಕೊಳ್ಳೋಕೆ ಒಂದು ಪದ್ಧತಿ ಇತ್ತಂತೆ. ಆಯ ನೋಡ್ತಿರಲಿಲ್ಲ, ಪಾಯ ನೋಡ್ತಿರಲಿಲ್ಲ. ಒಗೆದ ಬಿಳೀ ವಲ್ಲಿಬಟ್ಟೆ ತಂದು ಅಡುಗೆಮನೆ ಗೋಡೆಗೆ ಮೂರು ಸಲ ಒತ್ತಿ ಒರೆಸೋರು. ಬಟ್ಟೆ ಬೆಳ್ಳಗೇ ಉಳಿದ್ರೆ ಅದು ಹೊಸ ಮನೆ, ಬೆಲೆ ಮೇಲಕ್ಕೆ. ಮಸಿ ಹತ್ತಿದ್ರೆ ಅದು ಬಾಳಿದ ಮನೆ, ಅದಕ್ಕೆ ಬೆಲೇನೂ ಇಲ್ಲ, ಕೊಳ್ಳೋರೂ ಇಲ್ಲ. ಹಂಗಾಗಿ ಊರಿನೋರೆಲ್ಲ ಒಲೆ ಆರಿಸಿದ್ರು, ಸುಣ್ಣ ಹೊಡೆಸಿದ್ರು, ಬೀಗ ಹಾಕಿದ್ರು. ಹೋಗಿ ಅರಳಿಕಟ್ಟೆ ಮೇಲೆ ಮಲಗಿದ್ರು. ಬೀಗದಕೈ ಸೊಂಟದಲ್ಲಿ, ಚಾಪೆ ಕಂಕುಳಲ್ಲಿ. ಮುದ್ದುವೀರಯ್ಯನೂ ಅಲ್ಲೇ, ಹನ್ನೆರಡು ಅಂಕಣದ ಯಜಮಾನ, ಮಗ್ಗುಲು ತಿರುಗಿಸೋಕೆ ಪಕ್ಕದೋನ್ನ ಕೇಳ್ಬೇಕು. "ನಿಮ್ಮನೆ ಎಷ್ಟಾಯ್ತು?" "ಮುನ್ನೂರು. ನಿಮ್ಮದು?" "ನಾನೂರು" ಅಂತ ಸೊಳ್ಳೆ ಹೊಡ್ಕೊಂಡು ಮಾತಾಡೋರಂತೆ.

ಮಲ್ಲಾಜಮ್ಮಂಗೆ ಮಾರೋ ಯೋಚನೆ ಕನಸಲ್ಲೂ ಇಲ್ಲ. ಆದರೆ ಭಯ ಶುರುವಾಯ್ತು. ಇಷ್ಟು ಜನ ಓಡಾಡ್ತಾರೆ, ಯಾರ ಕಣ್ಣು ಹೆಂಗಿರುತ್ತೋ? ಬಾಗಿಲಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದಳು. ಅದನ್ನ ನೋಡಿದ ಅಂಕಪ್ಪ. ಅಂಕಪ್ಪ ಅಂದ್ರೆ ಊರಿನ ದಲ್ಲಾಳಿ, ಎರಡು ಕಡೆಯಿಂದಲೂ ತಿಂದು ಎರಡು ಕಡೆಯೋರಿಗೂ ಉಪವಾಸ ಅನ್ನೋ ಆಸಾಮಿ. "ಇದೇನು, ಇಷ್ಟು ದಿನ ಈ ಮನೆ ನನ್ನ ಕಣ್ಣಿಗೇ ಬಿದ್ದಿರಲಿಲ್ಲ! ದೃಷ್ಟಿ ತಾಕುತ್ತೆ ಅಂತ ಕಟ್ಟವ್ಳೆ ಅಂದ್ರೆ ಒಳಗೇನೋ ಐತೆ" ಅಂದ್ಕೊಂಡು ಬಂದು, "ನೂರು ವರಹ ಕೊಡಿಸ್ತೀನಿ ಮಲ್ಲಾಜಕ್ಕ" ಅಂದ.

"ಹೋಗಪ್ಪ ಸಾಕು" ಅಂದಳು. ಭಯ ಹೆಚ್ಚಾಯ್ತು. ಬೂದುಗುಂಬಳಕಾಯಿಗೆ ಕುಂಕುಮ ಬಳಿದು ನೇತುಹಾಕಿದಳು. ಈಗ ನಾಲ್ಕು ಜನ ನಿಂತು ನೋಡಿದ್ರು. ಅಂಕಪ್ಪ ಓಡಿಬಂದ. "ಇನ್ನೂರು ವರಹ, ಮಲ್ಲಾಜಕ್ಕ."

"ಸಾವಿರ ಕೊಟ್ರೂ ಇಲ್ಲ" ಅಂದಳು. ಭಯ ಇನ್ನೂ ಹೆಚ್ಚಾಯ್ತು. ಸಂತೆಗೆ ಹೋಗಿ ದೃಷ್ಟಿಬೊಂಬೆ ತಂದಳು, ಕೋರೆಹಲ್ಲು, ಹೊರಗೆ ಚಾಚಿದ ನಾಲಗೆ, ತೆಂಗಿನಕಾಯಿ ಗಾತ್ರದ ಕಣ್ಣು. ಮಾಡಿಗೆ ಕಟ್ಟಿದಳು. ಆವಾಗ ನೋಡಿ, ಬೀದಿಗೆ ಬೀದಿಯೇ ಬಂದು ನಿಂತಿತು! ಅಂಕಪ್ಪ ಬಂದವನು ಬೆಲೇನೂ ಹೇಳಲಿಲ್ಲ. "ಮಲ್ಲಾಜಕ್ಕ, ಅರಮನೆ ತನಕ ಸುದ್ದಿ ಹೋಗೈತೆ. ಕೆರೆಬೀದಿ ಕೊನೇಲಿ ಒಂದು ಮನೆ ಐತಂತೆ, ಮೂರು ಮೂರು ಕಾವಲಂತೆ ಅಂತ ರಾಣಿಯೋರೇ ಕೇಳಿದ್ರಂತೆ" ಅಂದ.

ಮಾರನೇ ದಿನವೇ ತಮಟೆ ಹೊಡೆದ್ರು. "ರಾಣಿಯವರ ಬಳಗಕ್ಕೆ ಏಳು ಮನೆ ಬೇಕು! ನಾಳೆ ಅರಮನೆ ಅಧಿಕಾರಿ ಪಾರುಪತ್ತೇಗಾರರು ವಲ್ಲಿ ಹಿಡಿದು ಬರ್ತಾರೆ! ಯಾವ ಮನೆ ಗೋಡೆ ಬೆಳ್ಳಗಿದೆಯೋ ಆ ಮನೆ ಅರಮನೆಗೆ! ಕೆರೆಬೀದಿ ಕೊನೆ ಮನೆ ಮೊದಲು ನೋಡ್ತಾರೆ! ಕೊಟ್ಟೋರಿಗೆ ಒಂದು ಶಾಲು, ಒಂದು ತಟ್ಟೆ ತಾಂಬೂಲ, ಮಹಾರಾಜರ ಆಶೀರ್ವಾದ!" ಅರಳಿಕಟ್ಟೆ ಮೇಲಿದ್ದೋರು, "ವರಹ ಎಷ್ಟಂತೆ?" ಅಂತ ಕೇಳಿದ್ರು. ತಮಟೆಯೋನು, "ಆಶೀರ್ವಾದ ಅಂದ್ನಲ್ಲ" ಅಂದು ಮುಂದಕ್ಕೆ ಹೋದ. ಆ ಏಳರಲ್ಲಿ ನಮ್ಮನೆ ಇರಲ್ಲ ಬಿಡು ಅಂತ ಎಲ್ಲರೂ ಅಂದ್ಕೊಂಡ್ರು.

ನಡುಮಧ್ಯಾಹ್ನ. ಬೀದೀಲಿ ಯಾರೂ ಇಲ್ಲ. ಮಲ್ಲಾಜಮ್ಮ ಜಗಲಿ ಮೇಲೆ ಕೂತು ದೃಷ್ಟಿಬೊಂಬೇನ ಬಾಯಿಗೆ ಬಂದ ಹಂಗೆ ಬೈದಳು. "ನಿನ್ನ ಮುಖಕ್ಕೆ ಬೆಂಕಿ ಹಾಕ! ಮನೆ ಕಾಯಿ ಅಂತ ತಂದು ಕಟ್ಟಿದ್ರೆ ಮನೇನೇ ಹೋಗೋ ಹಂಗೆ ಮಾಡಿದ್ಯಲ್ಲೋ!"

ಬೊಂಬೆ ನಾಲಗೆ ಒಳಗೆಳ್ಕೊಂಡು ಮಾತಾಡಿತಂತೆ. "ಅವ್ವಾ, ನನ್ನನ್ಯಾಕೆ ಬೈತೀಯ? ಜನ ನೋಡಲಿ ಅಂತ ತಾನೇ ಈ ಕಣ್ಣು, ಈ ಹಲ್ಲು? ನೋಡಿದ್ರು. ನನ್ನ ನೋಡಿದೋರು ಹಿಂದಿರೋ ಮನೇನೂ ನೋಡಿದ್ರು. ಅದಕ್ಕೆ ನಾನೇನು ಮಾಡ್ಲಿ?"

ಮಲ್ಲಾಜಮ್ಮ ಬೆಚ್ಚಿಬಿದ್ದಳು. ಆದರೆ ಅವಳ ಸಂಕಟದ ಮುಂದೆ ಬೊಂಬೆ ಮಾತಾಡಿದ್ದು ದೊಡ್ಡದಾಗಿ ಕಾಣಲಿಲ್ಲ. "ಈಗ ನಾನೇನು ಮಾಡ್ಲೋ?" ಅಂತ ಅತ್ತಳು.

"ಇಷ್ಟು ದಿನ ಏನು ಮಾಡ್ತಿದ್ದೆ ಈ ಮನೇಲಿ?"

"ಕಾಯ್ತಿದ್ದೆ."

"ಅದು ನನ್ನ ಕೆಲಸ. ನಿನ್ನ ಕೆಲಸ ಏನು?"

"ಪುರಿ ಹುರಿಯೋದು."

"ಹೂಂ?" ಅಂತು ಬೊಂಬೆ. ಮತ್ತೆ ನಾಲಗೆ ಹೊರಗೆ ಚಾಚಿ ಸುಮ್ಮನಾಗಿಬಿಟ್ಟಿತು.

ಮಲ್ಲಾಜಮ್ಮ ಗೋಡೆ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿ ಎದ್ದಳು. ಬಟ್ಟಿ ಕಲ್ಲುಗಳನ್ನ ಒಂದೊಂದೇ ಹೊತ್ತು ಒಳಗೆ ತಂದಳು, ಅಡುಗೆಮನೇಲಿ ಹೂಡಿದಳು, ಮಣ್ಣು ಮೆತ್ತಿದಳು. ಹೊಟ್ಟು ಸುರಿದು ಬೆಂಕಿ ಕೊಟ್ಟಳು. ಮೊದಲ ಹೊಗೆ ಎದ್ದು ಬಿಳೀ ಗೋಡೆ ಮೇಲೆ ಹತ್ತಿತು. ಅತ್ತಳು, ಅಳ್ತಾ ಹುರಿದಳು. ಎರಡನೇ ಬಾಣಲೆಗೆ ಅಳು ನಿಂತಿತು. ಮೂರನೇದಕ್ಕೆ ಹಾಡು ಬಂತು. ಕುಂಬಳಕಾಯಿ ಇಳಿಸಿ, ಕುಂಕುಮ ತೊಳೆದು, ಹುಳಿ ಮಾಡಿದಳು. ಮನೆ ಕೊಂಡ ಮೇಲೆ ಅವತ್ತೇ ಮೊದಲು ಒಳಗೆ ಕೂತು ಉಂಡಿದ್ದು. ಗೋಡೆಗೆ ಒರಗಿ ಕೂತು ಎರಡನೇ ಸಲ ಬಡಿಸ್ಕೊಂಡಳಂತೆ.

ಬೆಳಗ್ಗೆ ಪಾರುಪತ್ತೇಗಾರ ಬಂದ. ಹಿಂದೆ ಇಬ್ಬರು ಆಳು, ತಟ್ಟೇಲಿ ಮಡಿಸಿಟ್ಟ ಬಿಳೀ ವಲ್ಲಿ. ಅಂಕಪ್ಪ ದಾರಿ ತೋರಿಸ್ತಾ ಮುಂದೆ. ಒಳಗೆ ಕಾಲಿಟ್ಟವನೇ ಪಾರುಪತ್ತೇಗಾರ ಕೆಮ್ಮಿದ. ವಲ್ಲಿ ಒತ್ತಿದ, ಕಪ್ಪು. ಇನ್ನೊಂದು ಕಡೆ ಒತ್ತಿದ, ಕಪ್ಪು. ಮೂರನೇ ಸಲ ಒತ್ತೋಕೆ ಬಟ್ಟೇಲಿ ಬಿಳೀ ಜಾಗವೇ ಉಳಿದಿರಲಿಲ್ಲ.

"ಏನಮ್ಮ, ಇದು ಮನೆಯೋ ಬಟ್ಟಿಯೋ?"

"ನಮ್ಮನೆ, ಬುದ್ಧಿ" ಅಂದಳು ಮಲ್ಲಾಜಮ್ಮ. "ಬಿಸಿ ಪುರಿ ಐತೆ, ಒಂದು ಸೇರು ಹಾಕ್ಲಾ?"

ಆತ ಪುರಿ ಹಾಕಿಸ್ಕೊಂಡು, ಕಣ್ಣೊರೆಸ್ಕೊಂಡು, "ಬಾಳಿದ ಮನೆ, ಅರಮನೆಗೆ ಬೇಡ" ಅಂತ ಬರೆಸಿ ಹೊರಟ. ಅಂಕಪ್ಪ ಮಾತ್ರ ಬಾಗಿಲಲ್ಲೇ ನಿಂತು ನಿಜವಾಗಿಯೂ ಕಣ್ಣೀರು ಹಾಕಿದ. "ಚಿನ್ನದಂಥ ಮನೇನ ಒಂದೇ ದಿನಕ್ಕೆ ಮೂರು ಕಾಸಿಗೆ ತಂದ್ಯಲ್ಲೇ ಪುಣ್ಯಾತ್ಗಿತ್ತಿ!" ಅವಳಿಗೆ ಎಷ್ಟು ಸಂತೋಷ ಆಯ್ತು ಅಂದ್ರೆ ಅವನಿಗೂ ಒಂದು ಸೇರು ಪುರಿ ಹಾಕಿದಳು.

ಪಾರುಪತ್ತೇಗಾರ ಬೀದಿ ಬೀದಿ ಹೋದ. ಯಾವ ಮನೆಗೆ ಹೋದ್ರೂ ಹಾಲಿನಂಥ ಗೋಡೆ! ಒಂದಾಯ್ತು, ಎರಡಾಯ್ತು, ಮಧ್ಯಾಹ್ನದೊಳಗೆ ಆರಾಯ್ತು. ಇನ್ನು ಉಳಿದಿದ್ದು ಒಂದೇ, ಅವನ ಕಾಲು ತೊಟ್ಟಿಮನೆ ಕಡೆಗೇ ತಿರುಗಿತ್ತು. ಮುದ್ದುವೀರಯ್ಯ ಪಂಚೆ ಎತ್ತಿ ಹಿಡಿದು ಓಡಿಬಂದ. "ಮಲ್ಲಾಜಮ್ಮ, ತಾಯೀ, ಒಂದು ಬುಟ್ಟಿ ಹೊಟ್ಟು ಕೊಡು, ಒಂದು ಚಿಪ್ಪು ಕೆಂಡ ಕೊಡು! ನನ್ನ ಮನೆ ಹೋಗುತ್ತೆ!"

ಬೇರೆ ಯಾರಾದ್ರೂ ಆಗಿದ್ರೆ ಬೀದೀಲಿಟ್ಟ ಬಾಣಲೆ ಲೆಕ್ಕ ತೆಗೆಯೋರು. ಮಲ್ಲಾಜಮ್ಮ ತೆಗೆಯಲಿಲ್ಲ. ಹೊಟ್ಟಿನ ಬುಟ್ಟಿ ತಾನೇ ಹೊತ್ತಳು, ಚಿಪ್ಪಲ್ಲಿ ಕೆಂಡ ಹಾಕಿ ಅವನ ಕೈಗೆ ಕೊಟ್ಟಳು, ಇಬ್ಬರೂ ಓಡಿದ್ರು. ಬೀಗ ತೆಗೆದ್ರು. ಹನ್ನೆರಡು ಅಂಕಣವೂ ಥಳಥಳ ಅಂತಿತ್ತು.

"ಹಚ್ಚಿ ಯಜಮಾನ್ರೇ, ಬೇಗ!"

"ಹಚ್ತೀನಿ, ಹಚ್ತೀನಿ. ಅಡುಗೆಮನೇಲಿ ಬೇಡ, ಹೋದ ವಾರ ತಾನೇ ಸುಣ್ಣ ಹೊಡೆಸಿದ್ದು."

"ಹಂಗಾದ್ರೆ ನಡುಮನೇಲಿ ಹಚ್ಚಿ."

"ಅಯ್ಯೋ, ನಡುಮನೆಗೆ ಐದು ಕೈ ಹೊಡೆಸಿದ್ದೀನಿ ಕಣಮ್ಮ!"

"ಪಡಸಾಲೆ?"

"ಪಡಸಾಲೆ ನೋಡೇ ಅಲ್ವಾ ಅಂಕಪ್ಪ ಸಾವಿರ ವರಹ ಅಂದಿದ್ದು!"

ಹಿಂಗೆ ಆ ಕೋಣೆಯಿಂದ ಈ ಕೋಣೆಗೆ, ಈ ಕೋಣೆಯಿಂದ ಆ ಕೋಣೆಗೆ, ಕೆಂಡ ಹಿಡ್ಕೊಂಡು ಹನ್ನೆರಡು ಅಂಕಣ ಸುತ್ತಿದ. ಒಂದು ಗೋಡೇನೂ ಕಪ್ಪು ಮಾಡೋಕೆ ಕೈ ಬರಲಿಲ್ಲ. ಸುತ್ತಿ ಬಾಗಿಲಿಗೆ ಬರೋ ಹೊತ್ತಿಗೆ ಚಿಪ್ಪಲ್ಲಿ ಬರೀ ಬೂದಿ. ಬಾಗಿಲಲ್ಲಿ ಪಾರುಪತ್ತೇಗಾರ. ವಲ್ಲಿ ಮೂರು ಸಲ ಒತ್ತಿದ. ಬಿಳುಪು, ಬಿಳುಪು, ಬಿಳುಪು. "ಭೇಷ್! ಎಷ್ಟು ಚೆನ್ನಾಗಿ ಕಾಪಾಡಿದ್ದೀರಿ!" ಅಂತ ಮುದ್ದುವೀರಯ್ಯನಿಗೆ ಶಾಲು ಹೊದಿಸಿದ.

ರಾಣಿಯ ಬಳಗ ಬಂತಂತೆ, ಏಳು ಮನೆಗೂ ಬೀಗ ಜಡಿದು ಬೀಗದಕೈ ತಗೊಂಡು ಹೋಯ್ತಂತೆ. ರಾಜ ಬರಲೇ ಇಲ್ಲ. ಬೆಲೆ ಬಂದ ಹಂಗೇ ಇಳಿದುಹೋಯ್ತು, ಮನೆ ಉಳಿದೋರು ಮನೆಗೆ ಹೋದ್ರು. ಆರು ಜನ ಆರು ಕಡೆ ನೆಂಟರ ಮನೆ ಸೇರಿದ್ರು. ಮುದ್ದುವೀರಯ್ಯನ್ನ ಸೇರಿಸ್ಕೊಳ್ಳೋರು ಯಾರೂ ಇರಲಿಲ್ಲ. ಒಂದು ಸಂಜೆ ಮಳೆ ಹಿಡಿದು, ಶಾಲು ತಲೆಗೆ ಹೊದ್ದುಕೊಂಡು ಮಲ್ಲಾಜಮ್ಮನ ಜಗಲಿಗೆ ಬಂದು ನಿಂತ. ಒಳಗೆ ಬರಲಾ ಅಂತ ಕೇಳೋಕೆ ಬಾಯಿ ಬರಲಿಲ್ಲ. ಸುಮ್ಮನೆ ಕೆಮ್ಮಿದ.

"ಬನ್ನಿ ಒಳಗೆ" ಅಂದಳು. ಬಂದ. ಗೋಡೆಗೆ ತಾಕದ ಹಂಗೆ ಮೈ ಹಿಡಿ ಮಾಡ್ಕೊಂಡು ನಡುವೆ ಕುಕ್ಕರುಗಾಲಲ್ಲಿ ಕೂತ. ಅವಳು ಅನ್ನ ಬಡಿಸಿದಳು. ಉಂಡ. ಉಂಡಾದ ಮೇಲೆ ತಟ್ಟೆ ಹಿಡ್ಕೊಂಡು, ತಲೆ ಬಗ್ಗಿಸಿ, ಸಣ್ಣ ದನೀಲಿ ಕೇಳಿದ, "ಯಾವಾಗ ಏಳ್ಬೇಕಮ್ಮ ನಾನು?"

ಆ ಮಾತು ಕೇಳಿ ಮಲ್ಲಾಜಮ್ಮ ಅವನ ಕೈಲಿದ್ದ ತಟ್ಟೆ ಇಸ್ಕೊಂಡಳಂತೆ. ಹಂಗೆ ಕೇಳೋದು ಹೆಂಗಿರುತ್ತೆ ಅಂತ ಆ ಊರಲ್ಲಿ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಈ ಮನೇಲಿ ಯಾರೂ ಯಾರಿಗೂ ಏಳು ಅನ್ನಲ್ಲ" ಅಂದಳು. "ಒರಗಿ ಕೂತ್ಕೊಳ್ಳಿ."

ಆತ ಒರಗಿದ. ಬೆನ್ನೆಲ್ಲ ಮಸಿ ಆಯ್ತು.

ಅವರು ಹಂಗಿದ್ರು ಆ ಊರಲ್ಲಿ, ನಾವು ಹಿಂಗಿದ್ದೀವಿ ಈ ಊರಲ್ಲಿ. ಹೇಳಿದ ನಂಗೆ ಎಲೆ ಅಡಿಕೆ, ಕೇಳಿದ ನಿಮಗೆ ಕಣ್ತುಂಬ ನಿದ್ದೆ. ಹೋಗಿ, ನಿಮ್ಮ ನಿಮ್ಮ ಮನೆ ಒಳಗೇ ಹೋಗಿ ಮಲಗಿ.